ಬೆಟ್ಟಕ್ಕೆ ಬೀಗ ಬೇಡ, ಕಾರಿಗೆ ಗೇಟು ಹಾಕಿ

ಮಾನ್ಯ ಸಂಪಾದಕರೇ,

ಕಾಡಿಗೆ, ಬೆಟ್ಟಕ್ಕೆ ಜನರನ್ನು ಬಿಡಬೇಕೋ ಬೇಡವೋ ಅನ್ನುವ ಜಗಳ ಈಗ ನಮ್ಮ ಜಿಲ್ಲೆಗೂ ಬಂದಿದೆ. ಎಲ್ಲ ಮುಚ್ಚಿಬಿಡಿ, ಜನ ಹೋದರೆ ಗಲೀಜು ಮಾಡಿ ಬರುತ್ತಾರೆ ಅಷ್ಟೇ ಅನ್ನುವವರು ಒಂದು ಕಡೆ. ಇದು ಸರ್ಕಾರದ ಜಾಗ, ಅಂದರೆ ನಮ್ಮ ಜಾಗ, ತಡೆಯುವುದಕ್ಕೆ ಇವರು ಯಾರು ಅನ್ನುವವರು ಇನ್ನೊಂದು ಕಡೆ. ಎರಡೂ ಕೇಳಿ ಕೇಳಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಜನ ಬರಬೇಕೋ ಬೇಡವೋ ಅನ್ನುವುದರ ಮೇಲೆ ಜಗಳವಾಡಿ ಪ್ರಯೋಜನ ಇಲ್ಲ. ಹೇಗೆ ಬರುತ್ತಾರೆ, ಏನು ಹೊತ್ತು ಬರುತ್ತಾರೆ ಅನ್ನುವುದನ್ನು ನೋಡಬೇಕು. ನಡೆದು ಹತ್ತುವವನನ್ನು ಗೇಟಿನಲ್ಲಿ ನಿಲ್ಲಿಸಿ ಐಡಿ ಕೇಳುವುದು, ಕಾರಿನಲ್ಲಿ ಬರುವವನಿಗೆ ರಸ್ತೆ ಅಗಲ ಮಾಡಿಕೊಡುವುದು, ಆಮೇಲೆ ಇದನ್ನೇ ಕಾಡು ಉಳಿಸುವ ಕೆಲಸ ಎಂದು ಹೇಳಿಕೊಳ್ಳುವುದು, ಇದು ನನಗೆ ಒಪ್ಪಿಗೆ ಇಲ್ಲ.

ನಾನು ತುಮಕೂರಿನಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡವನು. ಮೊದಲು ಪಂಕ್ಚರ್, ರಿಪೇರಿ ಮಾತ್ರ ಇತ್ತು, ಈಗ ಗೇರ್ ಸೈಕಲ್ ಮಾರಾಟವೂ ಇದೆ. ಭಾನುವಾರ ಬೆಳಗ್ಗೆ ದೇವರಾಯನದುರ್ಗದ ಕಡೆ ತುಳಿಯುವ ಹುಡುಗರಲ್ಲಿ ಬಹಳ ಮಂದಿ ನನ್ನ ಗಿರಾಕಿಗಳು. ಬೆಟ್ಟ ಮುಚ್ಚಿದರೆ ನನಗೆ ನಷ್ಟ, ತೆರೆದಿಟ್ಟರೆ ಲಾಭ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಾತನ್ನು ಎಷ್ಟು ನಂಬಬೇಕು ಅನ್ನುವುದನ್ನು ಓದುವವರೇ ತೀರ್ಮಾನ ಮಾಡಲಿ.

ದೇವರಾಯನದುರ್ಗವನ್ನೇ ತೆಗೆದುಕೊಳ್ಳಿ. ತುಮಕೂರಿನಿಂದ ಹದಿನೈದು ಕಿಲೋಮೀಟರ್ ಆಸುಪಾಸು, ಬೆಂಗಳೂರಿನಿಂದ ಸುಮಾರು 70. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ಈ ಹೆಸರು ಬಂತು. ಕೆಳಗೆ ಭೋಗಾನರಸಿಂಹ, ಮೇಲೆ ಯೋಗಾನರಸಿಂಹ. ಈ ಬೆಟ್ಟಸಾಲಿನಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಕಡೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇಲ್ಲೇ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿಯನ್ನು ಸೇರುತ್ತದೆ. ಬರಗಾಲದ ಜಿಲ್ಲೆ ಅನ್ನಿಸಿಕೊಂಡ ನಮ್ಮ ಊರು ಎರಡು ದಿಕ್ಕಿಗೆ ನೀರು ಕಳಿಸುತ್ತಿದೆ ಅಂದರೆ ಅದು ಈ ಬಂಡೆ, ಈ ಹುಲ್ಲು, ಈ ಕುರುಚಲು ಕಾಡಿನ ದಯೆ. ಎತ್ತರದ ಮರ ಇಲ್ಲ ಅಂತ ಇದನ್ನು ಕಾಡೇ ಅಲ್ಲ ಅನ್ನುವವರಿದ್ದಾರೆ. ಮಲೆನಾಡು ನೋಡಿ ಬಂದವರ ಕಣ್ಣಿಗೆ ನಮ್ಮದು ಬೋಳು ಗುಡ್ಡ.

ಆ ಬೋಳು ಗುಡ್ಡದಲ್ಲಿ ಏನಿದೆ ಅಂತ ಕೇಳಿದರೆ ಹಳದಿ ಕೊರಳಿನ ಪಿಕಳಾರ ಇದೆ. ಇದು ದಕ್ಷಿಣ ಭಾರತದ ಒಳನಾಡಿನ ಬಂಡೆ ಗುಡ್ಡಗಳಲ್ಲಿ, ಆ ಬಂಡೆಗಳ ಸಂದಿನ ಪೊದೆಗಳಲ್ಲಿ ಬದುಕುವ ಹಕ್ಕಿ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಮ್ಮಲ್ಲಿ ಇದೆ, ನಂದಿ ಬೆಟ್ಟದಲ್ಲಿ ಇದೆ, ಆಂಧ್ರದ ಹಾರ್ಸ್ಲಿ ಹಿಲ್ಸ್‌ನಲ್ಲಿ ಇದೆ. ಕರಡಿ ಇದೆ, ಚಿರತೆ ಇದೆ. ಕಾಡುಪಾಪ ಇದೆ, ರಾತ್ರಿ ಹೊತ್ತು ದೊಡ್ಡ ಕಣ್ಣು ಬಿಟ್ಟುಕೊಂಡು ನಿಧಾನವಾಗಿ ಕೊಂಬೆಯಿಂದ ಕೊಂಬೆಗೆ ಹೋಗುವ ಬಡಪಾಯಿ ಪ್ರಾಣಿ. ಕಾಡುಪಾಪ ಕೋತಿಯ ಹಾಗೆ ಹಾರುವುದಿಲ್ಲ. ಒಂದು ಕೊಂಬೆ ಬಿಟ್ಟು ಇನ್ನೊಂದು ಹಿಡಿಯಬೇಕಾದರೆ ಎರಡೂ ಹತ್ತಿರ ಇರಬೇಕು. ರಸ್ತೆ ಅಗಲ ಮಾಡಲು ಇಕ್ಕೆಲದ ಮರ ಕಡಿದರೆ ಅದು ನೆಲಕ್ಕಿಳಿದು ಟಾರು ದಾಟಬೇಕು. ಆಮೇಲೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ. ಚಾರಣಕ್ಕೆ ಹೋದ ಹುಡುಗರು ಎಷ್ಟೇ ಗಲಾಟೆ ಮಾಡಿದರೂ ಅದಕ್ಕೆ ಇಷ್ಟು ತೊಂದರೆ ಕೊಡಲಾರರು. ಅಗಲವಾದ ರಸ್ತೆ ಸುಮ್ನೆ ಬಿದ್ದುಕೊಂಡೇ ಕೊಡುತ್ತದೆ.

ಈಗ ಭಾನುವಾರದ ವಿಷಯಕ್ಕೆ ಬರುತ್ತೇನೆ. ಬೆಳಗ್ಗೆ ಒಂಬತ್ತು ದಾಟಿದ ಮೇಲೆ ಬೆಟ್ಟದ ಬುಡದ ನಾಮದ ಚಿಲುಮೆಯಿಂದ ಮೇಲಕ್ಕೆ ಕಾರುಗಳ ಸಾಲು. ತಿರುವಿನಲ್ಲಿ ಒಂದು ಬಸ್ಸು ಎದುರು ಬಂದರೆ ಮುಗಿಯಿತು, ಅರ್ಧ ಗಂಟೆ ಹಾರ್ನ್. ಸೈಲೆನ್ಸರ್ ಬದಲಾಯಿಸಿದ ಬೈಕುಗಳು ಬೇರೆ. ಹೀಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಕಾರಿನಿಂದ ನೂರು ಹೆಜ್ಜೆ ಆಚೆ ಹೋಗುವುದಿಲ್ಲ. ಡಿಕ್ಕಿ ತೆಗೆದು ತಿಂಡಿ ಬಿಚ್ಚುತ್ತಾರೆ, ಕೋತಿಗೆ ಬಾಳೆಹಣ್ಣು ಎಸೆದು ವಿಡಿಯೋ ಮಾಡುತ್ತಾರೆ, ಕೋತಿ ಚಿಪ್ಸ್ ಪ್ಯಾಕೆಟ್ ಕಿತ್ತುಕೊಂಡರೆ ಕಿರುಚುತ್ತಾರೆ, ಹೊರಡುತ್ತಾರೆ. ಅವರನ್ನು ನಾನು ಬೈಯುತ್ತಿಲ್ಲ. ವಾರವೆಲ್ಲ ದುಡಿದ ಜನ ಒಂದು ದಿನ ಗಾಳಿ ಕುಡಿಯಲು ಬರುತ್ತಾರೆ, ಬರಲಿ. ಆದರೆ ನಡೆದು ಬರುವವನ ಬೆನ್ನಿನ ಮೇಲೆ ಎರಡು ಬಾಟಲಿ, ಒಂದು ಬುತ್ತಿ ಹಿಡಿಸಿದರೆ ಹೆಚ್ಚು. ಕಾರಿನ ಡಿಕ್ಕಿಯಲ್ಲಿ ಮದುವೆ ಊಟ ಹಿಡಿಸುತ್ತದೆ. ಕಸದ ಲೆಕ್ಕ ಅಲ್ಲೇ ಸಿಗುತ್ತದೆ ಅಲ್ವಾ?

ಆ ಕಸ ಅಲ್ಲಿಗೇ ನಿಲ್ಲುವುದಿಲ್ಲ. ಎಂಜಲಿಗೆ ಬೀದಿ ನಾಯಿ ಬರುತ್ತವೆ, ಬಂದವು ಅಲ್ಲೇ ಉಳಿದು ಮರಿ ಹಾಕುತ್ತವೆ. ಚಿರತೆಗೆ ನಾಯಿಯಷ್ಟು ಸುಲಭದ ಬೇಟೆ ಇನ್ನೊಂದಿಲ್ಲ. ನಾಯಿಯ ಹಿಂದೆ ಅದು ಊರಂಚಿಗೆ ಬಂದರೆ ತಪ್ಪು ಅದರದ್ದಲ್ಲ. 2019ರ ಕೊನೆ ಮತ್ತು 2020ರ ಮೊದಲ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನ ಸತ್ತದ್ದು, ಅವರಲ್ಲಿ ಮಕ್ಕಳೂ ಇದ್ದದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಅದಕ್ಕೆಲ್ಲ ಪ್ರವಾಸಿಗರೇ ಕಾರಣ ಅಂತ ಹೇಳುವಷ್ಟು ನಾನು ದಡ್ಡನಲ್ಲ. ಆದರೆ ಕಾಡಂಚಿನಲ್ಲಿ ತಿಂಡಿ ಪೊಟ್ಟಣ ಬಿಸಾಡಿ ಬೆಂಗಳೂರಿಗೆ ಹೋಗುವವನಿಗೆ ರಾತ್ರಿ ಕೊಟ್ಟಿಗೆಗೆ ಹೋಗಲು ಹೆದರುವ ಮನೆ ಕಾಣಿಸುವುದಿಲ್ಲ.

ಇನ್ನು ಬೆಂಕಿ. ಜನವರಿಯಿಂದ ಏಪ್ರಿಲ್ ತನಕ ಇಲ್ಲಿ ಬೋದೆ ಹುಲ್ಲು ಆಳೆತ್ತರ ಒಣಗಿ ನಿಂತಿರುತ್ತದೆ. ಒಂದು ಬೀಡಿ ತುಂಡು ಸಾಕು. ಎಲ್ಲ ಬೆಂಕಿಯೂ ಹೊರಗಿನವರದ್ದಲ್ಲ. ಹೊಸ ಹುಲ್ಲು ಚಿಗುರಲಿ ಅಂತ ನಮ್ಮವರೇ ಕಡ್ಡಿ ಗೀರುವುದೂ ಉಂಟು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಬೆಂಕಿ ಹೋದ ಮೇಲೆ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಇಲ್ಲ, ಹಾವು ಓತಿಕ್ಯಾತ ಇಲ್ಲ, ಸಣ್ಣ ಗಿಡ ಇಲ್ಲ. ಎಲ್ಲಕ್ಕಿಂತ ಮೊದಲು ಮತ್ತೆ ಎದ್ದು ಬರುವುದು ಲಂಟಾನ ಅನ್ನುವ ಕಳೆ ಪೊದೆ. ಅರಣ್ಯ ಇಲಾಖೆಯ ವಾಚರ್‌ಗಳು ಹಸಿ ಸೊಪ್ಪು ಹಿಡಿದು ಬಡಿದು ಬಡಿದು ಆರಿಸುತ್ತಾರೆ. ಆ ದಿನಗೂಲಿ ಜನಕ್ಕೆ ಒಳ್ಳೆಯ ಬೂಟು ಕೊಡಿಸಿ ಅಂತ ಯಾವ ಕಡೆಯವರೂ ಜಗಳ ಮಾಡಿದ್ದು ನಾನು ಕೇಳಿಲ್ಲ. ಬೇಸಿಗೆಯ ಆ ತಿಂಗಳುಗಳಲ್ಲಿ ದೇವಸ್ಥಾನದ ದಾರಿ ಬಿಟ್ಟು ಉಳಿದ ಕಾಲುದಾರಿಗಳನ್ನು ಮುಚ್ಚಿದರೆ ನನ್ನ ತಕರಾರು ಏನೂ ಇಲ್ಲ. ಅದಕ್ಕೆ ಕಾರಣ ಇದೆ, ಅವಧಿ ಇದೆ, ಮಳೆ ಬಿದ್ದ ಮೇಲೆ ತೆರೆಯುತ್ತದೆ ಅನ್ನುವ ಭರವಸೆಯೂ ಇದೆ.

ನನಗೆ ಸಿಟ್ಟು ಬರುವುದು ಕಾರಣವೇ ಇಲ್ಲದ ಸಂಖ್ಯೆಗಳನ್ನು ಕಂಡರೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಪಶ್ಚಿಮಘಟ್ಟದ ಕುಮಾರ ಪರ್ವತದಲ್ಲಿ ಸಾವಿರಾರು ಜನ ಒಂದೇ ಸಲ ಸೇರಿ ಫೋಟೋ ಎಲ್ಲ ಕಡೆ ಓಡಾಡಿತು. ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಆಮೇಲೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಚಾರಣದ ಟಿಕೆಟ್ ಬುಕ್ ಮಾಡಲು ಅರಣ್ಯ ವಿಹಾರ ಅನ್ನುವ ವೆಬ್‌ಸೈಟ್ ಬಂತು. ಒಂದು ದಾರಿಗೆ ದಿನಕ್ಕೆ 300 ಜನ ಮಾತ್ರ. ಮಿತಿ ಹಾಕಿದ್ದು ಸರಿ, ಅದಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಪಶ್ಚಿಮಘಟ್ಟದ ಶೋಲಾ ಕಾಡಿನ ದಾರಿಗೂ 300, ಬಯಲುಸೀಮೆಯ ಬಂಡೆಗೂ 300 ಅಂದರೆ ಅದು ಯಾವ ಲೆಕ್ಕ? ಕೆಲವು ಕಡೆ 300 ತುಂಬಾ ಜಾಸ್ತಿ, ಕೆಲವು ಕಡೆ ಏನೂ ಅಲ್ಲ.

ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಹಾಫ್ ಡೋಮ್ ಅಂತ ಒಂದು ಬಂಡೆ ಬೆಟ್ಟ ಇದೆ. ಕೊನೆಯ ಭಾಗವನ್ನು ಉಕ್ಕಿನ ಹಗ್ಗ ಹಿಡಿದುಕೊಂಡೇ ಹತ್ತಬೇಕು, ನಮ್ಮ ಮಧುಗಿರಿ ಬೆಟ್ಟದಲ್ಲಿ ಕಂಬಿ ಹಿಡಿದು ಹತ್ತುವ ಹಾಗೆ. ಅಲ್ಲಿ 2010ರಲ್ಲಿ ಪರ್ಮಿಟ್ ಶುರುವಾಯಿತು, ಈಗ ಲಾಟರಿ ಎತ್ತುತ್ತಾರೆ, ದಿನಕ್ಕೆ ಸುಮಾರು 300 ಜನ. ಅದೇ ಮುನ್ನೂರು! ಆದರೆ ಅವರು ಆ ಒಂದು ಬೆಟ್ಟಕ್ಕೆ, ಆ ಒಂದು ಹಗ್ಗದ ಮೇಲೆ ಎಷ್ಟು ಜನ ಇದ್ದರೆ ಮೋಡ ಕವಿದಾಗ ಬೇಗ ಇಳಿದು ಬರಬಹುದು ಅಂತ ಲೆಕ್ಕ ಹಾಕಿ, ಜನರ ಅಭಿಪ್ರಾಯ ಕೇಳಿ ಅಲ್ಲಿಗೆ ಬಂದರು. ಪಕ್ಕದ ಬೆಟ್ಟಕ್ಕೆ ಬೇರೆ ಲೆಕ್ಕ.

ಅಮೆರಿಕದ ಮಾತು ಬಂತು ಅಂತ ಇನ್ನೊಂದನ್ನೂ ಹೇಳುತ್ತೇನೆ, ಯಾಕೆಂದರೆ ಅದು ನನ್ನ ವ್ಯಾಪಾರಕ್ಕೂ ಸಂಬಂಧಿಸಿದ್ದು. ಅಲ್ಲಿ 1964ರಲ್ಲಿ ವೈಲ್ಡರ್‌ನೆಸ್ ಕಾಯ್ದೆ ಅಂತ ಮಾಡಿದರು. ಮೊದಲು 91 ಲಕ್ಷ ಎಕರೆ, ಈಗ 11 ಕೋಟಿ ಎಕರೆಗಿಂತ ಜಾಸ್ತಿ ಅದರ ಕೆಳಗಿದೆ. ಅಲ್ಲಿ ರಸ್ತೆ ಮಾಡುವ ಹಾಗಿಲ್ಲ, ಮೋಟಾರು ಗಾಡಿ ಬಿಡುವ ಹಾಗಿಲ್ಲ, ಕಟ್ಟಡ ಎಬ್ಬಿಸುವ ಹಾಗಿಲ್ಲ. ಆದರೆ ನಡೆದು ಹೋಗಬಹುದು, ಡೇರೆ ಹಾಕಬಹುದು, ಕುದುರೆ ಮೇಲೂ ಹೋಗಬಹುದು. ಜನ ಬರಬಾರದ ಜಾಗ ಅಲ್ಲ ಅದು, ಗಾಡಿ ಬರಬಾರದ ಜಾಗ. ಸೈಕಲ್‌ಗೂ ಪ್ರವೇಶ ಇಲ್ಲ! ಅದಕ್ಕೇ ಅಲ್ಲಿನ ಸೈಕಲ್‌ನವರು ವರ್ಷಗಳಿಂದ ತಕರಾರು ಮಾಡುತ್ತಿದ್ದಾರೆ. ಕುದುರೆ ಬರಬಹುದಾದರೆ ಸೈಕಲ್ ಯಾಕೆ ಬರಬಾರದು ಅನ್ನುವುದು ಅವರ ಪ್ರಶ್ನೆ.

ನನ್ನ ಗಿರಾಕಿಗಳು ಬೇಜಾರು ಮಾಡಿಕೊಳ್ಳಬಾರದು, ಈ ವಿಷಯದಲ್ಲಿ ನಾನು ಅವರ ಕಡೆ ಇಲ್ಲ. ಟಾರು ರಸ್ತೆಯಲ್ಲಿ ದುರ್ಗ ಹತ್ತಿ, ಎಷ್ಟು ಬೇಕಾದರೂ ಹತ್ತಿ, ನಾನೇ ಗೇರ್ ಸರಿ ಮಾಡಿ ಕೊಡುತ್ತೇನೆ. ಆದರೆ ಹಲ್ಲಿನ ಟೈರು ಹಾಕಿಕೊಂಡು ಕಾಲುದಾರಿಯಲ್ಲಿ ಬ್ರೇಕ್ ಹಿಡಿದು ಜಾರುತ್ತಾ ಇಳಿಯುವುದಿದೆಯಲ್ಲ, ಅದು ಬೇಡ. ನಮ್ಮದು ತೆಳ್ಳನೆಯ ಮಣ್ಣು, ಅಡಿಯಲ್ಲಿ ಬಂಡೆ. ಟೈರು ಎಳೆದ ಗೆರೆಯಲ್ಲಿ ಮಳೆ ನೀರು ಹರಿಯುತ್ತದೆ, ಎರಡು ಮಳೆಗಾಲ ಕಳೆದರೆ ಗೆರೆ ಕೊರಕಲಾಗಿರುತ್ತದೆ.

ಹಾಗಂತ ಅಮೆರಿಕದವರ ಕಾಯ್ದೆಯನ್ನು ತಂದು ಇಲ್ಲಿ ಅಂಟಿಸಿದರೆ ಆಗುವುದಿಲ್ಲ. ಯೊಸೆಮಿಟಿಯಲ್ಲಿ ಮೊದಲಿನಿಂದ ಇದ್ದ ಜನರನ್ನು 1851ರಲ್ಲಿ ಬಂದೂಕು ಹಿಡಿದ ಪಡೆ ಕಳಿಸಿ ಓಡಿಸಿದರು, ಆಮೇಲೆ ಅದನ್ನು ಮನುಷ್ಯ ಮುಟ್ಟದ ಕಾಡು ಅಂತ ಹೊಗಳಿದರು. ನಮ್ಮಲ್ಲಿ ಆ ಸುಳ್ಳು ನಡೆಯುವುದಿಲ್ಲ. ಶಿರಾ, ಚಿಕ್ಕನಾಯಕನಹಳ್ಳಿ ಕಡೆ ಕಾಡುಗೊಲ್ಲರ ಹಟ್ಟಿಗಳಿವೆ, ಅವರ ಕುರಿಗಳು ತಲೆತಲಾಂತರದಿಂದ ಈ ಗುಡ್ಡಗಳಲ್ಲಿ ಮೇಯ್ದಿವೆ. ಪ್ರತಿ ಬೆಟ್ಟದ ಮೇಲೂ ಒಂದು ದೇವರು, ಪ್ರತಿ ದೇವರಿಗೂ ಒಂದು ಜಾತ್ರೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡನ್ನು 2019ರಲ್ಲಿ ಚಿಂಕಾರ ಅನ್ನುವ ಸಣ್ಣ ಹುಲ್ಲೆಯ ಅಭಯಾರಣ್ಯ ಅಂತ ಘೋಷಿಸಿದರು. ಬಹಳ ಒಳ್ಳೆಯ ಕೆಲಸ. ಆದರೆ ಅದೇ ತಾಲ್ಲೂಕುಗಳ ಪಕ್ಕದಲ್ಲಿ ವರ್ಷಗಟ್ಟಲೆ ಗಣಿ ನಡೆಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಜೊತೆಗೆ ಚಿತ್ರದುರ್ಗ, ತುಮಕೂರಿನ ಗಣಿಗಳನ್ನೂ ನಿಲ್ಲಿಸುವ ತನಕ ಲಾರಿಗಳ ಕೆಂಪು ಧೂಳು ಹಾರುತ್ತಿತ್ತು. ಆಗ ಸುಮ್ಮನಿದ್ದವರು ಈಗ ಕುರಿ ಕಾಯುವವನಿಗೆ ಕಾಡಿನ ಪಾಠ ಹೇಳಿದರೆ ಅವನು ನಗದೆ ಏನು ಮಾಡುತ್ತಾನೆ? ಬೆಟ್ಟದ ಬುಡದ ಹಳ್ಳಿಯ ಅಜ್ಜಿ ಹರಕೆ ತೀರಿಸಲು ಮೊಮ್ಮಗನ ಫೋನಿನಲ್ಲಿ ಓಟಿಪಿ ಕಾಯುತ್ತಾ ಕೂರುವ ಕಾಲ ಬರಬಾರದು. ಅಕ್ಕಪಕ್ಕದ ಪಂಚಾಯಿತಿಯವರಿಗೆ ಟಿಕೆಟ್ಟೇ ಬೇಡ, ಮುಖ ನೋಡಿದರೆ ವಾಚರ್‌ಗೆ ಗೊತ್ತಾಗುತ್ತದೆ.

ಎಲ್ಲ ಕಡೆಯೂ ನಡೆಯುವವನಿಗೇ ಗೆಲುವು ಅಂತಲೂ ನಾನು ಹೇಳುವುದಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿ ನೋಡಿ. ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು, 2007ರಲ್ಲಿ ಆದದ್ದು, ಎಂಟುನೂರು ಎಕರೆಯೂ ತುಂಬುವುದಿಲ್ಲ. ಪೂರಾ ಹುಲ್ಲುಗಾವಲು. ಅಲ್ಲಿ ನನ್ನ ವಾದ ತಿರುಗಾಮುರುಗಾ ಆಗುತ್ತದೆ. ಬಯಲಿನಲ್ಲಿ ಕೃಷ್ಣಮೃಗ ನಿಧಾನಕ್ಕೆ ಹೋಗುವ ಜೀಪಿಗಿಂತ ಎರಡು ಕಾಲಿನ ಮನುಷ್ಯನಿಗೆ ಜಾಸ್ತಿ ಹೆದರುತ್ತದೆ, ದೂರದಲ್ಲೇ ಓಟ ಕೀಳುತ್ತದೆ. ಹಾಗಾಗಿ ಅಲ್ಲಿ ನಡೆಯಲು ಬಿಡಬಾರದು, ಗಾಡಿಯೂ ಹಾಕಿರುವ ದಾರಿ ಬಿಟ್ಟು ಹುಲ್ಲಿಗೆ ಇಳಿಯಬಾರದು. ಫೋಟೋಗೆ ಕೊಂಬು ಸರಿಯಾಗಿ ಬರಲಿಲ್ಲ ಅಂತ ಹಿಂಡಿನ ಹಿಂದೆ ಗಾಡಿ ಓಡಿಸುವವರಿಗೆ ಕ್ಯಾಮೆರಾ ಕೈಯಲ್ಲಿದ್ದರೆ ತಾವು ಪ್ರಾಣಿಪ್ರಿಯರು ಅನ್ನುವ ಭ್ರಮೆ. ಒಂದೊಂದು ಜಾಗಕ್ಕೆ ಒಂದೊಂದು ನಿಯಮ ಬೇಕು ಅಂತ ನಾನು ಹೇಳುವುದು ಇದಕ್ಕೇ. ಬೆಂಗಳೂರಿನಲ್ಲಿ ಕೂತು ಎಲ್ಲದಕ್ಕೂ ಒಂದೇ ಸುತ್ತೋಲೆ ಹೊರಡಿಸಿದರೆ ಕೃಷ್ಣಮೃಗಕ್ಕೂ ಅನುಕೂಲ ಇಲ್ಲ, ಚಾರಣದವರಿಗೂ ಇಲ್ಲ.

ಈಗ ಎಲ್ಲರೂ ರೋಪ್‌ವೇ ಜಪ ಮಾಡುತ್ತಿದ್ದಾರೆ. ನಂದಿ ಬೆಟ್ಟದಲ್ಲಿ 2021ರ ಆಗಸ್ಟ್‌ನ ಮಳೆಗೆ ಮಣ್ಣು ಕುಸಿದು ರಸ್ತೆಯೇ ಕೊಚ್ಚಿಹೋಯಿತು, ಕೆಲವು ತಿಂಗಳು ಪ್ರವಾಸಿಗರಿಗೆ ಬಂದ್ ಆಗಿತ್ತು. ಬೆಟ್ಟ ಅಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ 2023ರ ಮಾರ್ಚ್‌ನಲ್ಲಿ ಅಲ್ಲಿಗೆ ಸುಮಾರು 3 ಕಿಲೋಮೀಟರ್ ಉದ್ದದ ರೋಪ್‌ವೇಗೆ ಶಂಕುಸ್ಥಾಪನೆ ಆಯಿತು. ಮಧುಗಿರಿ ಬೆಟ್ಟಕ್ಕೂ ಬೇಕು ಅನ್ನುವ ಮಾತು ನಮ್ಮ ಜಿಲ್ಲೆಯಲ್ಲಿ ಆಗಾಗ ಏಳುತ್ತದೆ. ರೋಪ್‌ವೇ ಬಂದರೆ ಕಾರು ಕಡಿಮೆ ಆಗುತ್ತದೆ ಅನ್ನುತ್ತಾರೆ. ಒಳ್ಳೆಯ ಮಾತು. ಹಾಗಾದರೆ ರೋಪ್‌ವೇ ಶುರುವಾದ ದಿನವೇ ನಂದಿಯ ರಸ್ತೆಯನ್ನು ಖಾಸಗಿ ಗಾಡಿಗೆ ಮುಚ್ಚುತ್ತೇವೆ ಅಂತ ಯಾರಾದರೂ ಬರೆದು ಕೊಡಲಿ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಅದೂ ಇರಲಿ ಇದೂ ಬರಲಿ ಅಂದರೆ ಜನ ಎರಡರಷ್ಟು ಆಗುತ್ತಾರೆ, ಅಷ್ಟೇ. 2023ರಲ್ಲಿ ಕೇಂದ್ರ ಸರ್ಕಾರ 1980ರ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಷರತ್ತುಗಳ ಮೇಲೆ ಮೃಗಾಲಯ, ಸಫಾರಿ, ಇಕೋ ಟೂರಿಸಂ ಸೌಕರ್ಯಗಳನ್ನು ಅರಣ್ಯೇತರ ಬಳಕೆ ಅಲ್ಲ ಅಂತ ಮಾಡಿದೆ. ಅಲ್ಲಿಗೆ ಕಾಡಿನೊಳಗೆ ಇಂಥದ್ದನ್ನು ಕಟ್ಟಲು ಬಾಗಿಲು ತೆರೆದಿದೆ. ನಮ್ಮಲ್ಲಿ ಇಕೋ ಟೂರಿಸಂ ಅಂದರೆ ಗೊತ್ತಲ್ಲ, ಒಂದು ಕಾಂಕ್ರೀಟ್ ಅಣಬೆ, ಅದರ ಕೆಳಗೆ ಒಂದು ಕಾಂಕ್ರೀಟ್ ಬೆಂಚು, ಪಕ್ಕದಲ್ಲಿ ಬಾಯಿ ತೆರೆದ ಕಾಂಕ್ರೀಟ್ ಮೊಲ, ಕಸ ಹಾಕಲು.

ದಾರಿ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಗುಂಡ್ಲುಪೇಟೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಖಾಸಗಿ ಗಾಡಿ ಕೆಳಗೇ ನಿಲ್ಲುತ್ತದೆ, ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು. ವರ್ಷಗಳಿಂದ ನಡೆಯುತ್ತಿದೆ. ಭಕ್ತರು ಕಡಿಮೆ ಆಗಿಲ್ಲ, ದೇವರೂ ಮುನಿಸಿಕೊಂಡಿಲ್ಲ. ವಯಸ್ಸಾದವರು, ಮಂಡಿ ನೋವಿನವರು, ಕೈಮಗು ಇದ್ದವರು ಎಲ್ಲರೂ ಬಸ್ಸಿನಲ್ಲೇ ಹೋಗುತ್ತಾರೆ. ದೇವರಾಯನದುರ್ಗದಲ್ಲಿ ಶನಿವಾರ, ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ ಇದನ್ನೇ ಮಾಡಿ ನೋಡಬಾರದೇಕೆ? ಬುಡದಲ್ಲಿ ಪಾರ್ಕಿಂಗ್, ಅದರ ದುಡ್ಡು ಗ್ರಾಮ ಪಂಚಾಯಿತಿಗೆ, ಪಂಚಾಯಿತಿಯ ಬೋರ್ಡಿನಲ್ಲಿ ತಿಂಗಳಿಗೊಮ್ಮೆ ಲೆಕ್ಕ. ಮೇಲೆ ಅಂಗಡಿ ಇಟ್ಟವರಿಗೆ ಕೆಳಗೆ ಪಾರ್ಕಿಂಗ್ ಹತ್ತಿರವೇ ಜಾಗ ಕೊಡಿ, ವ್ಯಾಪಾರ ಇನ್ನೂ ಚೆನ್ನಾಗಿ ಆಗುತ್ತದೆ, ಯಾಕೆಂದರೆ ಬಸ್ಸು ಕಾಯುವವನಿಗೆ ಮಂಡಕ್ಕಿ ತಿನ್ನದೆ ಬೇರೆ ಕೆಲಸ ಇರುವುದಿಲ್ಲ. ನಡೆದು ಹತ್ತುವವರಿಗೆ ಗುರುತು ಮಾಡಿದ ಎರಡೋ ಮೂರೋ ದಾರಿ ಸಾಕು, ಪಿಕಳಾರ ಗೂಡು ಕಟ್ಟುವ ಬಂಡೆ ಸಂದುಗಳನ್ನು ಬಿಟ್ಟು. ಎಷ್ಟು ಜನ ಅನ್ನುವುದನ್ನು ಆ ಬೆಟ್ಟ ನೋಡಿದ ವಾಚರ್, ಹಕ್ಕಿ ನೋಡುವ ಹುಡುಗರು, ದೇವಸ್ಥಾನದವರು, ಕುರಿಯವರು ಕೂತು ಹೇಳಲಿ. ಎರಡು ವರ್ಷಕ್ಕೊಮ್ಮೆ ಮತ್ತೆ ನೋಡಲಿ.

ಇದರಿಂದ ತಮಗೆ ತೊಂದರೆ ಅಂತ ಕಾರಿನವರು ಹೇಳಬಹುದು. ತೊಂದರೆ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ. ಈಗ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಾ ಕಳೆಯುವ ಅರ್ಧ ಗಂಟೆಯೇ ಅದು.

ಮುಂದಿನ ಬೇಸಿಗೆ ಶುರುವಾಗುವ ಮೊದಲು ಅರಣ್ಯ ಇಲಾಖೆ, ಮುಜರಾಯಿ, ಪ್ರವಾಸೋದ್ಯಮ ಮೂವರೂ ಸೇರಿ ದೇವರಾಯನದುರ್ಗದಲ್ಲೇ ಒಂದು ಬಹಿರಂಗ ಸಭೆ ಕರೆಯಲಿ. ಜಿಲ್ಲಾಧಿಕಾರಿ ಕಚೇರಿಯ ಎಸಿ ರೂಮಿನಲ್ಲಿ ಬೇಡ, ಬೆಟ್ಟದ ಹತ್ತಿರ. ನಾನು ಅಂಗಡಿ ಮುಚ್ಚಿ ಬರುತ್ತೇನೆ. ಭಾನುವಾರ ಮಾತ್ರ ಇಡಬೇಡಿ, ಅವತ್ತು ವ್ಯಾಪಾರ ಜಾಸ್ತಿ.

ಇಂತಿ,
ಸೈಕಲ್ ಅಂಗಡಿಯವ, ತುಮಕೂರು